ಮೊಂಡು ತುದಿಯ ಚಾಕು

ನಮ್ಮ ಬೀದಿಯಲ್ಲಿ ಅವಳನ್ನು ಎಲ್ಲರೂ ಲಾಂಡ್ರಿ ಅಕ್ಕ ಎನ್ನುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರ ಬಾಯಲ್ಲೂ ಅವಳು ಅಕ್ಕನೇ. ಅದಕ್ಕೆ ಕಾರಣ ಅವಳ ತಂಗಿ. ಆ ಹುಡುಗಿ ಚಿಕ್ಕಂದಿನಲ್ಲಿ ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಮಹಡಿಯ ಕಿಟಕಿಯಿಂದ "ಅಕ್ಕಾ, ಅಕ್ಕಾ" ಎಂದು ಕೂಗಿ ಕೂಗಿ ಆ ಹೆಸರು ಇಡೀ ಬೀದಿಗೆ ಅಂಟಿಕೊಂಡಿತ್ತು. ತಂಗಿಯನ್ನು ಗುಬ್ಬಿ ಎನ್ನುತ್ತಿದ್ದೆವು. ಅವಳು ಬಾಯಿ ಮುಚ್ಚಿ ಕೂತದ್ದನ್ನು ನಾವು ಯಾರೂ ನೋಡಿರಲಿಲ್ಲ.

ನಾನು ಅವರ ಎದುರು ಮನೆಯವಳು. ಅವರ ಅಮ್ಮ ತೀರಿಕೊಂಡಾಗ ಗುಬ್ಬಿಗೆ ಹಾಲುಹಲ್ಲು ಬೀಳುವ ವಯಸ್ಸು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ದೊಡ್ಡಮ್ಮ ಒಬ್ಬಳು ಬಂದು, ಚಿಕ್ಕವಳನ್ನು ನಾನು ಕರೆದುಕೊಂಡು ಹೋಗುತ್ತೇನೆ, ನೀನು ಓದು ಮುಗಿಸು ಎಂದಳಂತೆ. ಅಕ್ಕ ಒಪ್ಪಲಿಲ್ಲ. ಓದು ಬಿಟ್ಟು, ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಗೆ ಸೇರಿದಳು. ಅಲ್ಲಿಂದ ಮುಂದೆ ಅವಳ ಆಯಸ್ಸೆಲ್ಲ ಆ ಉದ್ದನೆಯ ಕೋಣೆಯಲ್ಲಿ ಕಳೆಯಿತು: ಒಂದು ಗೋಡೆಗೆ ತಿರುಗುವ ದೊಡ್ಡ ಡ್ರಮ್ಮುಗಳು, ಇನ್ನೊಂದು ಗೋಡೆಗೆ ಬಿಸಿ ಉರುಳೆಗಳ ಇಸ್ತ್ರಿ ಯಂತ್ರ, ನಡುವೆ ಆವಿ. ಮನೆಗೆ ಬಂದಾಗ ಅವಳ ಮೈಯಿಂದ ಸೋಪಿನ ವಾಸನೆಯೂ, ಬೆಂದ ಹತ್ತಿಯ ವಾಸನೆಯೂ ಬರುತ್ತಿತ್ತು. ಕೈ ಬೆರಳುಗಳು ನೀರಲ್ಲಿ ನೆನೆದ ಕಡಲೆಯ ಹಾಗೆ.

ತಂಗಿಯನ್ನು ಅವಳು ಕಣ್ಣಿಗೆ ರೆಪ್ಪೆಯಂತೆ ಕಾದಳು. ಅದು ಒಳ್ಳೆಯದೇ. ಆದರೆ ಕಾಯುವುದಕ್ಕೂ ಒಂದು ಅಳತೆ ಇರಬೇಕು. ಅವಳಿಗೆ ಅದು ಗೊತ್ತಿರಲಿಲ್ಲ. ಗುಬ್ಬಿ ಒಮ್ಮೆ ಚೆಂಡು ಎಸೆದು ನಮ್ಮ ಮನೆಯ ಕಿಟಕಿಯ ಗಾಜು ಒಡೆದಿದ್ದಳು. ನಾನು ಕಣ್ಣಾರೆ ನೋಡಿದ್ದೆ. ಸಂಜೆ ಅಕ್ಕ ಬಂದು, ಬಟ್ಟೆ ಒಣಹಾಕುವ ಕೋಲು ತಗುಲಿ ಗಾಜು ಒಡೆಯಿತು, ತಪ್ಪು ನನ್ನದು ಎಂದು ತಲೆ ತಗ್ಗಿಸಿ ನಿಂತಳು. ಅವಳ ಹಿಂದೆ ಗುಬ್ಬಿ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು. ನಾನು ನಕ್ಕು ಸುಮ್ಮನಾದೆ. ಇಂಥದ್ದು ಆ ಮನೆಯಲ್ಲಿ ಎಷ್ಟು ಸಲ ನಡೆಯಿತೋ.

ಗುಬ್ಬಿಗೆ ಓದು ಹತ್ತಲಿಲ್ಲ, ಆದರೆ ಕೈ ಚುರುಕು. ಕೂದಲು ಕತ್ತರಿಸುವ ಕೆಲಸ ಕಲಿತು ಮನೆಯ ಕೆಳಗಿನ ಅಂಗಡಿಕೋಣೆಯಲ್ಲೇ ಹೆಂಗಸರ ಪಾರ್ಲರ್ ತೆರೆದಳು. ಒಂದು ತಿರುಗುವ ಕುರ್ಚಿ, ಒಂದು ಉದ್ದ ಕನ್ನಡಿ, ಕಾಯುವವರಿಗೆ ಬೆಂಚು. ಅವಳ ಕತ್ತರಿ ಕಿವಿಯ ಪಕ್ಕದಲ್ಲಿ ಓಡುತ್ತಿದ್ದರೆ ಜೀರುಂಡೆ ಹಾಡಿದಂತೆ ಕೇಳುತ್ತಿತ್ತು. ನಾಲಿಗೆ ಕತ್ತರಿಗಿಂತ ಜೋರು. ಕೂದಲು ಕತ್ತರಿಸಿಕೊಳ್ಳುವುದಕ್ಕಿಂತ ಮಾತು ಕೇಳುವುದಕ್ಕೇ ಹೋಗುವವರಿದ್ದರು, ನಾನೂ ಅವರಲ್ಲೊಬ್ಬಳು. ಮುಂದೆ ಒಬ್ಬ ಬಸ್ ಮೆಕ್ಯಾನಿಕ್‌ನನ್ನು ಮೆಚ್ಚಿ ಮದುವೆಯಾದಳು. ಅವನೂ ಆ ಮನೆಗೇ ಬಂದ. ಅಕ್ಕ ಮಾತ್ರ ಮದುವೆಯ ಮಾತು ಬಂದಾಗಲೆಲ್ಲ ಇವಳು ದೊಡ್ಡವಳಾಗಲಿ ಎಂದಳು. ಇವಳು ದೊಡ್ಡವಳಾದ ಮೇಲೆ, ಇನ್ನು ನನಗೇಕೆ ಎಂದಳು.

ಅವಳನ್ನು ಕಡಲಿಗೆ ಇಳಿಸಿದ್ದು ಒದ್ದೆ ಬಟ್ಟೆಯೇ. ದಡದಲ್ಲಿ ಕಯಾಕ್ ಕಲಿಸುವ ಒಬ್ಬರಿದ್ದರು. ಎರಡು ತುದಿಯೂ ಚೂಪಾಗಿರುವ, ಒಬ್ಬರೇ ಕೂತು ಹುಟ್ಟು ಹಾಕುವ ಸಪೂರ ದೋಣಿಗಳವು. ದೋಣಿಯ ಸಾಮಾನು ಮಾರುವ ಪುಟ್ಟ ಅಂಗಡಿಯೂ ಅವರದೇ. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಕಲಿಯಲು ಬಂದವರ ಟವೆಲ್ಲುಗಳನ್ನು ಅವರು ಲಾಂಡ್ರಿಗೆ ಹಾಕುತ್ತಿದ್ದರು. ಒಂದು ದಿನ ಗಂಟು ಒಯ್ಯಲು ಬಂದವರು, ಆವಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಅಕ್ಕನನ್ನು ನೋಡಿ, ಜೀವಮಾನವೆಲ್ಲ ಬಿಸಿನೀರಲ್ಲೇ ಕಳೆದಿರಲ್ಲಮ್ಮ, ಒಂದು ಸಲ ತಣ್ಣೀರಿಗೂ ಬನ್ನಿ ಎಂದರಂತೆ. ತಮಾಷೆಗೆ ಅಂದದ್ದು. ಅಕ್ಕ ರಜೆಯ ದಿನ ನಿಜವಾಗಿಯೂ ಹೋಗಿ ನಿಂತಳು.

ಅವಳು ತನಗಾಗಿ ಅಂತ ಮಾಡಿದ್ದು ನಾನು ಕಂಡಂತೆ ಅದೊಂದೇ. ತಲೆಯಲ್ಲಿ ಬಿಳಿಕೂದಲು ಮೂಡಿದ ಮೇಲೆ ಈಜು ಕಲಿತಳು, ಮಗುಚಿದ ದೋಣಿಯಿಂದ ಹೊರಬರುವುದು ಕಲಿತಳು, ಮತ್ತೆ ಹತ್ತಿ ಕೂರುವುದು ಕಲಿತಳು. ಸಂಜೆ ಬರುವಾಗ ಮುಖ ಬೇರೆಯೇ ಇರುತ್ತಿತ್ತು. "ಅಲ್ಲಿ ಯಾರೂ ಅಕ್ಕಾ ಅಂತ ಕೂಗಲ್ಲ ಕಣೇ," ಎಂದು ಒಮ್ಮೆ ನನಗೆ ಹೇಳಿ, ಹೇಳಿದ್ದಕ್ಕೆ ತಾನೇ ನಾಚಿಕೊಂಡಳು.

ಮೇಷ್ಟರದ್ದು ಒಂದು ಕಟ್ಟುನಿಟ್ಟು. ಬಂದರಿನ ಕಲ್ಲುಗೋಡೆ ದಾಟಿ ಆಚೆ ಹೋಗುವವರ ಮೈಮೇಲೆ ಹಗ್ಗ ಕೊಯ್ಯುವ ಉಪಕರಣ ಒಂದು ಇರಲೇಬೇಕು. ಸಮುದ್ರದಲ್ಲಿ ಬಿಟ್ಟುಹೋದ ಬಲೆ, ಬಲೆಯ ಗುರುತಿಗೆ ನೀರ ಮೇಲೆ ಬಿಡುವ ತೇಲುಬುರುಡೆಯ ಹಗ್ಗ, ಮೀನಿನ ದಾರ, ಇವುಗಳಲ್ಲಿ ಕೈಕಾಲು ಸಿಕ್ಕಿಕೊಂಡರೆ ಬಿಡಿಸುತ್ತಾ ಕೂರಲು ಅಲೆ ಬಿಡುವುದಿಲ್ಲ. ಅಕ್ಕ ಗೋಡೆ ದಾಟುವ ಹಂತಕ್ಕೆ ಬಂದಾಗ, ಆ ಉಪಕರಣ ನಾನು ಕೊಡಿಸುತ್ತೇನೆ ಎಂದು ಗುಬ್ಬಿ ಹಟ ಹಿಡಿದಳು. ಇಷ್ಟು ವರ್ಷ ಎಲ್ಲಾ ನೀನೇ ಕೊಡಿಸಿದೆ, ಈಗ ನನ್ನ ಸರದಿ ಎಂದು ಪಾರ್ಲರಿಗೆ ಬೀಗ ಹಾಕಿ, ನನ್ನನ್ನೂ ಎಳೆದುಕೊಂಡು ಹೊರಟಳು.

ಮೇಷ್ಟ್ರು ಗಾಜಿನ ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೊದಲನೆಯದು ಮಡಚುವ ಚಾಕು, ನೋಡಲು ಚೆಂದ. ಪಕ್ಕದಲ್ಲಿದ್ದ ತಣ್ಣೀರಿನ ಬಕೆಟ್ಟಿನಲ್ಲಿ ಕೈ ಅದ್ದಿಸಿ, ಈಗ ಒಂದೇ ಕೈಯಲ್ಲಿ ಬಿಚ್ಚಿ ನೋಡಿ ಎಂದರು. ಅಕ್ಕನ ಬೆರಳು ಜಾರಿತು, ನನ್ನದೂ ಜಾರಿತು. ಅದನ್ನು ಪಕ್ಕಕ್ಕೆ ಸರಿಸಿದರು. ಇನ್ನೊಂದು ಕೊಕ್ಕೆಯಂಥದ್ದು. ಅಲಗು ಕೊಕ್ಕೆಯ ಒಳಗೇ ಇದ್ದು ಚರ್ಮಕ್ಕೆ ತಾಗುವುದೇ ಇಲ್ಲ, ಸಣ್ಣ ದಾರಕ್ಕೆ ಇದರಷ್ಟು ಒಳ್ಳೆಯದಿಲ್ಲ, ಆದರೆ ದಪ್ಪ ಹಗ್ಗ ಅದರ ಬಾಯಿಗೆ ಹಿಡಿಯುವುದಿಲ್ಲ ಎಂದರು. ಉಳಿದದ್ದು ಎರಡು, ಎರಡೂ ಒರೆಯಿಂದ ಒಂದೇ ಸೆಳೆತಕ್ಕೆ ಬರುವಂಥವು. ಒಂದರ ತುದಿ ಚೂಪು, ಹಿಡಿ ಕಪ್ಪು, ಅಲಗು ನೀರಿನಂತೆ ಹೊಳೆಯುತ್ತಿತ್ತು. ಇನ್ನೊಂದರ ಹಿಡಿ ಕಣ್ಣು ಕುಕ್ಕುವ ಹಳದಿ, ಅಲಗಿನ ಅರ್ಧಕ್ಕೆ ಗರಗಸದ ಹಲ್ಲು, ತುದಿ ಯಾರೋ ಕಡಿದು ಹಾಕಿದ ಹಾಗೆ ಚಪ್ಪಟೆ. ಮೇಷ್ಟ್ರು ಅದನ್ನೇ ಅಕ್ಕನ ಕಡೆ ಸರಿಸಿದರು.

ಗುಬ್ಬಿ ಅದನ್ನೆತ್ತಿ ಹಿಂದೆ ಮುಂದೆ ನೋಡಿ ನಕ್ಕುಬಿಟ್ಟಳು. "ಇದು ಚಾಕೋ, ಬ್ರೆಡ್ಡಿಗೆ ಬೆಣ್ಣೆ ಹಚ್ಚೋದೋ? ಮೂಗು ಕೊಯ್ಸಿಕೊಂಡು ಬಂದ ಹಾಗಿದೆ. ಮೇಷ್ಟ್ರೇ, ತುದಿ ಇಲ್ಲದ ಕತ್ತರೀಲಿ ಯಾರಾದ್ರೂ ಕೂದಲು ಕತ್ತರಿಸ್ತಾರಾ? ಕೆಲಸ ಮಾಡೋದೇ ತುದಿ."

"ಕೂದಲು ಕತ್ತರಿಸುವಾಗ ಕುರ್ಚಿ ಅಲ್ಲಾಡಲ್ಲಮ್ಮ," ಎಂದರು ಮೇಷ್ಟ್ರು. "ಇಲ್ಲಿ ಎಲ್ಲಾ ಅಲ್ಲಾಡುತ್ತೆ."

ಅಕ್ಕ ಹಳದಿ ಹಿಡಿಯದನ್ನು ಕೈಗೆತ್ತಿಕೊಂಡಿದ್ದಳು. ಅದು ಅವಳ ಅಂಗೈಗೆ ಸರಿಯಾಗಿ ಕೂತಿತ್ತು. ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಷ್ಟರಲ್ಲಿ ಗುಬ್ಬಿ ಚೂಪಿನದನ್ನು ಹಿಡಿದು, ನೋಡಕ್ಕಾ ಎಷ್ಟು ಹಗುರ, ನಿನ್ನ ಹತ್ತಿರ ಒಂದು ಚೆಂದದ ವಸ್ತು ಅಂತ ಇಲ್ಲವೇ ಇಲ್ಲ, ಒಂದಾದರೂ ಇರಲಿ ಎಂದಳು. ಅಕ್ಕ ತಂಗಿಯ ಮುಖ ನೋಡಿದಳು. ಕೈಯಲ್ಲಿದ್ದುದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಇವಳು ಇಷ್ಟಪಟ್ಟದ್ದೇ ಇರಲಿ ಬಿಡಿ ಎಂದಳು. ಮೇಷ್ಟ್ರು ಇನ್ನೊಂದು ಮಾತು ಹೇಳಿ ನೋಡಿದರು, ಆಮೇಲೆ ಹಳದಿಯದನ್ನು ಪೆಟ್ಟಿಗೆಯೊಳಗೆ ವಾಪಸಿಟ್ಟರು.

ಆ ಚಾಕುವಿನ ಒರೆಯನ್ನು ಲೈಫ್ ಜಾಕೆಟ್ಟಿನ ಎದೆಗೆ ಬಿಗಿದುಕೊಂಡು ಅಕ್ಕ ಎಷ್ಟೋ ಸಲ ಕಡಲಿಗೆ ಹೋಗಿಬಂದಳು. ತೊಂದರೆಯೇನೂ ಬರಲಿಲ್ಲ. ಮನೆಯಲ್ಲಿ ಒದ್ದೆ ಹಗ್ಗದ ತುಂಡುಗಳನ್ನು ಕೊಯ್ದು ಅಭ್ಯಾಸ ಮಾಡುತ್ತಿದ್ದಳು. ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿಡುತ್ತಿದ್ದಳು.

ಮುಂದಿನ ಬೇಸಿಗೆ ಗುಬ್ಬಿ ತಾನೂ ಬರುತ್ತೇನೆ ಎಂದಳು. ಅಕ್ಕ ಮೊದಲು ಬೇಡವೆಂದಳು, ಆಮೇಲೆ ಖುಷಿಪಟ್ಟಳು. ಗುಬ್ಬಿ ಕಲಿತದ್ದೂ ಬೇಗ. ಮೇಷ್ಟ್ರು ಅವಳ ಜಾಕೆಟ್ಟಿಗೆ ಆ ಕೊಕ್ಕೆಯಂಥದ್ದನ್ನು ಕಟ್ಟಿಕೊಟ್ಟಿದ್ದರು. ಆ ಬೆಳಿಗ್ಗೆ ಕಡಲು ಎಣ್ಣೆ ಸವರಿದಂತಿತ್ತು ಎಂದು ಮೇಷ್ಟ್ರು ಆಮೇಲೆ ನನಗೆ ಹೇಳಿದರು. ಮೇಷ್ಟ್ರು ಮುಂದೆ, ಅವರ ಹಿಂದೆ ಅಕ್ಕ ತಂಗಿ, ಗೋಡೆ ದಾಟಿ ಬಂಡೆಗಳ ತನಕ ಹೋದರು. ಅಲ್ಲಿ ಮೀನುಗಾರರು ಬಿಟ್ಟುಹೋದ ಒಂದು ತೇಲುಬುರುಡೆ ಇತ್ತು. ಗುಬ್ಬಿಗೆ ತೋಳು ಸೋತಿತ್ತು. ಸ್ವಲ್ಪ ಸುಧಾರಿಸಿಕೊಳ್ಳೋಣವೆಂದು ಬುರುಡೆಯ ಹಗ್ಗ ಹಿಡಿದಳು, ಜಾರದಿರಲಿ ಎಂದು ಬಲಗೈ ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಂಡಳು. ಮಾಡಬಾರದ್ದು ಅದೇ. ಹೊಸಬರಿಗೆ ತೋಚುವುದೂ ಅದೇ.

ಎಲ್ಲಿಂದಲೋ ಒಂದು ಉದ್ದನೆಯ ಅಲೆ ಉಬ್ಬಿ ಬಂತು. ದೋಣಿಯನ್ನು ಒಂದು ಕಡೆ ಎಳೆಯಿತು, ಹಗ್ಗ ಇನ್ನೊಂದು ಕಡೆ ಎಳೆಯಿತು, ಗುಬ್ಬಿ ಮಗುಚಿದಳು. ದೋಣಿಯಿಂದ ಬಿಡಿಸಿಕೊಂಡಳು, ಆದರೆ ಹಗ್ಗ ಕೈಯನ್ನು ಬಿಡಲಿಲ್ಲ. ಪ್ರತಿ ಅಲೆಗೂ ಹಗ್ಗ ಬಿಗಿಯುತ್ತಿತ್ತು, ಮುಖ ನೀರಿನ ಕೆಳಗೆ ಹೋಗುತ್ತಿತ್ತು. ಮೇಲೆ ಬಂದಾಗ "ಅಕ್ಕಾ" ಎನ್ನಲು ಬಾಯಿ ತೆರೆದರೆ ಅದರಲ್ಲಿ ನೀರು. ಮೇಷ್ಟ್ರು ದೋಣಿ ತಿರುಗಿಸುವಷ್ಟರಲ್ಲಿ ಅಕ್ಕ ಹತ್ತಿರ ತಲುಪಿ, ಮಗುಚಿದ ದೋಣಿಗೆ ಒರಗಿ, ಚಾಕು ಸೆಳೆದಿದ್ದಳು. ಹಗ್ಗ ಮಾಂಸದೊಳಗೆ ಹೂತುಹೋಗಿತ್ತು. ಹಗ್ಗಕ್ಕೂ ಚರ್ಮಕ್ಕೂ ನಡುವೆ ಅಲಗು ತೂರಿಸದೆ ದಾರಿಯಿರಲಿಲ್ಲ. ತೂರಿಸಿ ಹೊರಕ್ಕೆ ಎಳೆಯಬೇಕೆನ್ನುವಷ್ಟರಲ್ಲಿ ಇನ್ನೊಂದು ಅಲೆ ಕೆಳಗಿನಿಂದ ಎತ್ತಿತು. ಹಗ್ಗ ತುಂಡಾಯಿತು. ತುದಿ ಮಣಿಕಟ್ಟಿನೊಳಗೆ ಇಳಿದಿತ್ತು. ಅಕ್ಕ ತಂಗಿಯ ಕಂಕುಳಿಗೆ ಕೈಹಾಕಿ ತಬ್ಬಿಕೊಂಡಾಗ ಚಾಕು ಜಾರಿ ಮುಳುಗಿತು.

ಮಧ್ಯಾಹ್ನ ನಾನು ಆಸ್ಪತ್ರೆಗೆ ಓಡಿದೆ. ಗುಬ್ಬಿಯನ್ನು ಒಳಗೆ ಕರೆದೊಯ್ದಿದ್ದರು. ಅವಳ ಗಂಡ ಗ್ರೀಸು ಮೆತ್ತಿದ ಕೈಯಲ್ಲೇ ಬಂದು ಗೋಡೆಗೊರಗಿ ನಿಂತಿದ್ದ. ಅಕ್ಕ ಎಲ್ಲೂ ಕಾಣಲಿಲ್ಲ. ಹುಡುಕಿದರೆ ಹೆಂಗಸರ ಸ್ನಾನದ ಕೋಣೆಯಲ್ಲಿದ್ದಳು, ತಂಗಿಯ ಅಂಗಿಯನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದು ಉಜ್ಜುತ್ತಿದ್ದಳು. ಬಿಸಿನೀರಿಗೆ ಹಾಕಿದರೆ ರಕ್ತದ ಕಲೆ ಹೋಗುವುದಿಲ್ಲ ಎಂದಳು. ಅಂಗಿಯನ್ನು ಅವಳ ಕೈಯಿಂದ ಬಿಡಿಸಲು ನನಗೆ ಬಹಳ ಹೊತ್ತು ಹಿಡಿಯಿತು.

ಬೆರಳುಗಳನ್ನು ಮಡಿಸುವ ಹುರಿಯಂಥ ಸ್ನಾಯುಗಳು, ಜೊತೆಗೆ ಒಂದು ನರ, ಎರಡೂ ತುಂಡಾಗಿವೆ, ಹೊಲಿದಿದ್ದೇವೆ, ಮುಂದೆ ನೋಡೋಣ ಎಂದರು ಡಾಕ್ಟರು. ಗುಬ್ಬಿ ಕಣ್ಣುಬಿಟ್ಟವಳೇ ಎಡಗೈಯಿಂದ ಅಕ್ಕನ ಕೆನ್ನೆ ಸವರಿದಳು. ಬಂದವರಿಗೆಲ್ಲ ಅವಳದ್ದು ಒಂದೇ ಮಾತು. ನಮ್ಮಕ್ಕ ಇರದಿದ್ದರೆ ಇವತ್ತು ನನ್ನ ಫೋಟೋ ಗೋಡೆಯ ಮೇಲಿರುತ್ತಿತ್ತು ಎನ್ನುತ್ತಿದ್ದಳು. ಬ್ಯಾಂಡೇಜು ಇದ್ದಷ್ಟು ಕಾಲ ಆ ಮಾತು ನಿಜವಾಗಿತ್ತು.

ಬ್ಯಾಂಡೇಜು ಬಿಚ್ಚಿದ ಮೇಲೆ ಗೊತ್ತಾಯಿತು. ಹೆಬ್ಬೆರಳು ಬೇರೆ ಬೆರಳುಗಳನ್ನು ಮುಟ್ಟಲೊಲ್ಲದು. ಬೆರಳ ತುದಿಗೆ ಬಿಸಿಯೂ ಇಲ್ಲ, ತಂಪೂ ಇಲ್ಲ. ವ್ಯಾಯಾಮ ಮಾಡಿಸುವವರು ಮೇಣದ ಉಂಡೆ ಹಿಸುಕಿಸಿದರು, ಕಡ್ಡಿ ಎತ್ತಿಸಿದರು. ಒಂದು ಹಂತದ ತನಕ ಬಂದು ಅಲ್ಲಿಗೇ ನಿಂತಿತು. ಕತ್ತರಿ ಹಿಡಿದರೆ ಬೀಳುತ್ತಿತ್ತು. ಎಡಗೈಯಲ್ಲಿ ಕಲಿಯುತ್ತೇನೆಂದು ಹೊರಟಳು. ಮೊದಲು ಕುರ್ಚಿಯಲ್ಲಿ ಕೂತವಳು ನಾನೇ. ಕತ್ತರಿ ನನ್ನ ಕಿವಿಗೆ ತಗುಲಿ ಎರಡು ಹನಿ ರಕ್ತ ಬಂತು, ಅಷ್ಟೇ. ಏನೂ ಆಗಿಲ್ಲ ಕಣೇ, ಮುಂದುವರಿಸು ಎಂದೆ. ಅವಳು ಕನ್ನಡಿಯಲ್ಲಿ ನನ್ನ ಕಿವಿ ನೋಡುತ್ತಲೇ ನಿಂತಳು. ಆಮೇಲೆ ನನ್ನ ಕೊರಳಿನ ಬಟ್ಟೆ ಬಿಚ್ಚಿ, ಇನ್ನರ್ಧ ಬೇರೆ ಕಡೆ ಮಾಡಿಸಿಕೋ ಎಂದಳು. ಪಾರ್ಲರಿನ ಬಾಗಿಲು ಮತ್ತೆ ತೆರೆಯಲಿಲ್ಲ.

ಮಾತೂ ಹಾಗೇ ನಿಂತಿತು. ಗುಬ್ಬಿ ಬೆಂಚಿನ ಮೇಲೆ ಕೂತು ಬೀದಿ ನೋಡುತ್ತಿದ್ದಳು. ಅಕ್ಕ ಲಾಂಡ್ರಿಯಿಂದ ಓಡೋಡಿ ಬಂದು ಅಡುಗೆ ಮಾಡುತ್ತಿದ್ದಳು, ತಂಗಿಯ ತಲೆ ಬಾಚುತ್ತಿದ್ದಳು, ಗುಂಡಿ ಹಾಕುತ್ತಿದ್ದಳು, ಅನ್ನ ಕಲಸಿಡುತ್ತಿದ್ದಳು. ಗುಬ್ಬಿ ಬೇಡವೆಂದರೂ ಮಾಡುತ್ತಿದ್ದಳು. ಗಂಡ ಒಮ್ಮೆ ಹಿಂಜರಿಯುತ್ತಲೇ, ಅವಳು ಸ್ವಲ್ಪ ತಾನೇ ಮಾಡಿಕೊಳ್ಳಲಿ ಅಕ್ಕಾ ಎಂದನಂತೆ. ಅಕ್ಕನಿಗೆ ಅದು ಕಿವಿಗೇ ಬೀಳಲಿಲ್ಲ.

ಪಾರ್ಲರಿನ ಕುರ್ಚಿಯನ್ನು ಕೊಂಡವರು ಒಯ್ದ ದಿನ ನಾನು ಅಲ್ಲೇ ಇದ್ದೆ. ಖಾಲಿ ಕೋಣೆಯಲ್ಲಿ ಕುರ್ಚಿ ಇದ್ದ ಜಾಗದ ನೆಲ ಮಾತ್ರ ಬೇರೆ ಬಣ್ಣದ್ದಾಗಿತ್ತು. ಅಕ್ಕ ಪೊರಕೆ ಹಿಡಿದು ಗುಡಿಸತೊಡಗಿದಳು. ಗುಬ್ಬಿ ಬಾಗಿಲಲ್ಲಿ ನಿಂತು ಹೇಳಿದಳು:

"ಆ ಚಾಕು ಆರಿಸಿದ್ದು ನಾನು. ಒಂದು ಸಲನಾದ್ರೂ ಅದನ್ನ ಬಾಯಿಬಿಟ್ಟು ಹೇಳು ಅಕ್ಕ. ಮೇಷ್ಟ್ರು ಬೇಡ ಅಂದ್ರು, ನಿನಗೂ ಬೇಡವಾಗಿತ್ತು. ನಾನು ನಕ್ಕೆ. ಹೇಳು."

ಅಕ್ಕ ತಲೆಯೆತ್ತಲಿಲ್ಲ. "ನೀನೆಲ್ಲಿ ಆರಿಸಿದೆ? ನಾನೇ ಆರಿಸಿದ್ದು. ನೀನು ದುಡ್ಡು ಕೊಟ್ಟೆ, ಅಷ್ಟೇ. ತಪ್ಪೆಲ್ಲ ನನ್ನದೇ ಪುಟ್ಟಿ."

ನಾನು ಅಲ್ಲಿದ್ದೆ ಎಂಬುದೂ ಅವಳಿಗೆ ಮರೆತಿತ್ತು. ಚಾಕು ಕೊಂಡ ದಿನ ಮೇಷ್ಟರ ಅಂಗಡಿಯಲ್ಲಿ ನಾನೂ ಇದ್ದೆನೆಂಬುದೂ ಮರೆತಿತ್ತು.

ಗುಬ್ಬಿ ಕೂಗಾಡಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಗಾಜು ಒಡೆದದ್ದೂ ನೀನೇ, ಪರೀಕ್ಷೇಲಿ ನಾನು ಫೇಲಾದದ್ದೂ ನಿನ್ನಿಂದಾನೇ, ಈಗ ಇದೂ ನೀನೇ," ಎಂದಳು. "ನನ್ನ ಕೈಯಂತೂ ಹೋಯ್ತು. ನನ್ನ ತಪ್ಪನ್ನಾದ್ರೂ ನನಗೆ ಬಿಡು ಅಕ್ಕ. ಅದನ್ನೂ ಕಿತ್ಕೊಂಡ್ರೆ ನನ್ನದು ಅಂತ ಏನುಳೀತು?"

ಅಕ್ಕ ಗುಡಿಸುವುದನ್ನು ನಿಲ್ಲಿಸಲಿಲ್ಲ. ಕಸವಿಲ್ಲದ ಜಾಗವನ್ನೇ ಗುಡಿಸುತ್ತಿದ್ದಳು.

ಆ ತಿಂಗಳೇ ಗಂಡ ಹೆಂಡತಿ ದೂರದ ಊರಿಗೆ ಹೋದರು. ಅಲ್ಲಿ ಕೂದಲು ಕತ್ತರಿಸುವುದನ್ನು ಕಲಿಸುವ ಶಾಲೆಯೊಂದರಲ್ಲಿ ಗುಬ್ಬಿಗೆ ಕೆಲಸ ಸಿಕ್ಕಿತು. ಕೈಯಲ್ಲಿ ತೋರಿಸಲಾಗದ್ದನ್ನು ಬಾಯಲ್ಲಿ ಹೇಳಿ ಕಲಿಸಬೇಕು. ಬಸ್ಸಿಗೆ ಸಾಮಾನು ಏರಿಸುವಾಗ ಅಕ್ಕ ಚೀಲ ಎತ್ತಲು ಹೋದಳು. ಗುಬ್ಬಿ ಎಡಗೈಯಲ್ಲಿ ಅದನ್ನು ಹಿಂದಕ್ಕೆ ಎಳೆದುಕೊಂಡಳು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಅಕ್ಕ ಕಡಲಿಗೆ ಹೋಗದೆ ಬಹಳ ಕಾಲವಾಯಿತು. ಆಮೇಲೆ ಒಂದು ದಿನ ಮೇಷ್ಟರ ಅಂಗಡಿಗೆ ಹೋದಳು, ನಾನು ಜೊತೆಗಿದ್ದೆ. ಗಾಜಿನ ಪೆಟ್ಟಿಗೆಯಲ್ಲಿ ಚೂಪು ತುದಿಯ ಒಂದು ಚಾಕುವೂ ಇರಲಿಲ್ಲ. ಅಕ್ಕ ಬಕೆಟ್ಟಿನಲ್ಲಿ ಕೈ ಅದ್ದಿಟ್ಟುಕೊಂಡು ನಿಂತಳು. ಬೆರಳು ಮರಗಟ್ಟಿದ ಮೇಲೆ ಹಳದಿ ಹಿಡಿಯದನ್ನು ಬಲಗೈಯಲ್ಲಿ ಸೆಳೆದಳು, ಎಡಗೈಯಲ್ಲಿ ಸೆಳೆದಳು. ಒದ್ದೆ ಹಗ್ಗವನ್ನು ತನ್ನ ಎಡಗೈ ಮಣಿಕಟ್ಟಿಗೇ ಸುತ್ತಿಕೊಂಡು, ಚಪ್ಪಟೆ ತುದಿಯನ್ನು ಕೆಳಗೆ ತೂರಿಸಿ ಹೊರಮುಖವಾಗಿ ಎಳೆದಳು. ಹಗ್ಗ ಬಿತ್ತು. ಚರ್ಮದ ಮೇಲೆ ಒಂದು ಬಿಳಿ ಗೀರು ಮೂಡಿ, ನಾವು ನೋಡುತ್ತಿದ್ದಂತೆಯೇ ಮಾಯವಾಯಿತು. ಇನ್ನೊಂದು ಹಗ್ಗ ಕೇಳಿದಳು, ಮತ್ತೊಂದು ಕೇಳಿದಳು. ಮೇಷ್ಟ್ರು ಕೊಡುತ್ತಾ ಹೋದರು, ಕೊನೆಗೆ ಮುಖ ತಿರುಗಿಸಿಕೊಂಡು, ಅವತ್ತು ನಾನು ಅದನ್ನು ಮಾರಲೇಬಾರದಿತ್ತು ಎಂದರು. ಅಕ್ಕ ತಕ್ಷಣ, ಛೆ, ನಿಮ್ಮದೇನು ತಪ್ಪು, ನನ್ನದೇ ಎಂದಳು. ಹೇಳಿದ ಮೇಲೆ ನನ್ನ ಕಡೆ ನೋಡಿದಳು, ಸಿಕ್ಕಿಬಿದ್ದವಳ ಹಾಗೆ.

ಆ ಚಾಕು ಕೊಂಡಳು. ಈಗಲೂ ರಜೆಯ ದಿನ ಹೋಗುತ್ತಾಳೆ. ಗೋಡೆ ದಾಟುವುದಿಲ್ಲ.

ಎರಡು ವರ್ಷದ ಮೇಲೆ ಗುಬ್ಬಿ ಫೋನ್ ಮಾಡಿ, ಬೇಕಿದ್ದರೆ ಬಂದು ಹೋಗು ಎಂದಳು. ಅಕ್ಕ ನನ್ನ ಹತ್ತಿರ ಬಂದು, ಅಲ್ಲಿ ಏನೂ ಮಾಡಬಾರದು ಅಲ್ಲವೇನೇ ಎಂದು ಕೇಳಿದಳು. ಏನೂ ಮಾಡಬೇಡ, ಸುಮ್ಮನೆ ಕೂತು ಬಾ ಎಂದೆ.

ಅವಳು ಹಾಗೇ ಮಾಡಿದಳಂತೆ. ಗುಬ್ಬಿ ಹಲ್ಲಿನಲ್ಲಿ ಹಿಡಿದು ಹಾಲಿನ ಪೊಟ್ಟಣ ಕತ್ತರಿಸುವಾಗ ಎದ್ದು ಹೋಗಲಿಲ್ಲ. ಲೋಟ ಒಂದೊಂದಾಗಿ ತಂದಿಡುವಾಗ ಕೈ ಚಾಚಲಿಲ್ಲ. ಎರಡು ಅಂಗೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳಂತೆ, ಶಾಲೆಯಲ್ಲಿ ಕೂರಿಸಿದ ಹುಡುಗಿಯ ಹಾಗೆ. ಗುಬ್ಬಿಯ ಮುಖ ನಿಧಾನವಾಗಿ ಸಡಿಲವಾಯಿತು. ಶಾಲೆಯ ಕಥೆ ಹೇಳಿದಳು. ಹೊಸ ಹುಡುಗಿಯೊಬ್ಬಳು ಗೊಂಬೆಯ ತಲೆಯನ್ನು ಬೋಳು ಮಾಡಿದ್ದನ್ನು ಹೇಳಿ ನಕ್ಕಳು. ಅಕ್ಕನೂ ನಕ್ಕಳು.

"ಚಹಾ ಹೇಗಿದೆ?" ಎಂದು ಕೇಳಿದಳು ಗುಬ್ಬಿ.

"ಚೆನ್ನಾಗಿದೆ ಪುಟ್ಟಿ," ಎಂದಳು ಅಕ್ಕ. ಲೋಟ ಅರ್ಧ ಖಾಲಿ ಮಾಡಿದ್ದಳು.

ಆಗ ಗುಬ್ಬಿ ತನ್ನ ಲೋಟಕ್ಕೆ ಬಾಯಿಟ್ಟಳು. ಮಾತಿನ ಭರದಲ್ಲಿ ಸಕ್ಕರೆ ಹಾಕುವುದನ್ನೇ ಮರೆತಿದ್ದಳು. ಲೋಟವನ್ನು ಕೆಳಗಿಟ್ಟು ಅಕ್ಕನ ಮುಖ ನೋಡಿದಳು. ಎದ್ದು ಒಳಗೆ ಹೋಗಿ, ಬಸ್ಸು ಎಷ್ಟು ಗಂಟೆಗೆ ಎಂದು ಅಲ್ಲಿಂದಲೇ ಕೇಳಿದಳಂತೆ.

ಇದನ್ನು ನನಗೆ ಹೇಳುವಾಗ ಅಕ್ಕ ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. "ಚೆನ್ನಾಗಿದೆ ಅಂತ ಬಾಯಿಗೆ ಬಂದುಬಿಡ್ತು ಕಣೇ. ಸಕ್ಕರೆ ಇಲ್ಲ ಅಂತ ಗೊತ್ತಾಗಿತ್ತು. ಹಾಗನ್ನಬಾರದು ಅಂತ ನೆನಪಾಗೋ ಮೊದಲೇ ಬಾಯಿಗೆ ಬಂದುಬಿಡ್ತು," ಎಂದಳು. ಆಮೇಲೆ ಎದ್ದು, ಕೆಲಸಕ್ಕೆ ಹೊತ್ತಾಯಿತೆಂದು ಲಾಂಡ್ರಿಯ ಕಡೆ ನಡೆದಳು.